ಪುಣೆಯ ಚಿತ್ರಶಾಲೆ ಮತ್ತು ಗಡಿನಾಡ ಕನ್ನಡ ಮಕ್ಕಳು

(ಗಡಿನಾಡ ಕನ್ನಡ ಮಾಧ್ಯಮ ಶಾಲೆಗಳ ಶಿಕ್ಷಕರು, ಪಾಲಕರು ಮತ್ತು ಹಿರಿಯ ವಿದ್ಯಾರ್ಥಿಗಳ ಸಭೆಯಲ್ಲಿ ಮಾಡಿದ ಭಾಷಣದ ಬರಹ ರೂಪ)



ಇಂಥ ಸಭೆಗಳಲ್ಲಿ ನಾವು ಸಾಮಾನ್ಯವಾಗಿ ಮಾತಾಡುವುದು ಶಿಕ್ಷಕರ ಖಾಲಿ ಹುದ್ದೆಗಳ ಬಗ್ಗೆ, ತಡವಾಗಿ ಬರುವ ಪಠ್ಯಪುಸ್ತಕಗಳ ಬಗ್ಗೆ, ಕನ್ನಡ ಬಾರದವರನ್ನು ಕನ್ನಡ ಶಾಲೆಗೆ ನೇಮಿಸುವ ಬಗ್ಗೆ. ಆ ಮಾತುಗಳು ಇನ್ನೂ ಮುಗಿದಿಲ್ಲ, ಮುಗಿಯುವಂತೆಯೂ ಕಾಣುತ್ತಿಲ್ಲ. ಆದರೂ ಇವತ್ತು ನನಗೆ ಕೊಟ್ಟಿರುವ ವಿಷಯ ಬೇರೆ. ನಮ್ಮ ಶಾಲೆಯಲ್ಲಿ ಕಲಿತ ಹುಡುಗ ಅಥವಾ ಹುಡುಗಿ ಮುಂದೆ ಸಿನಿಮಾ ಕಲಿಯಬೇಕೆಂದರೆ, ಅದರಲ್ಲೂ ಪುಣೆಯ ಭಾರತೀಯ ಚಲನಚಿತ್ರ ಮತ್ತು ಟೆಲಿವಿಷನ್ ಸಂಸ್ಥೆಯಂಥ ಕಡೆ ಸೇರಬೇಕೆಂದರೆ, ದಾರಿ ಯಾವುದು ಎನ್ನುವುದು ಆ ವಿಷಯ.

"ಸಿನಿಮಾ ಏನು ಓದುವ ವಿದ್ಯೆಯೇ?" ಎಂದು ಕೆಲವು ಪಾಲಕರು ಕೇಳಬಹುದು. ಹೌದು, ಓದುವ ವಿದ್ಯೆಯೇ. ಛಾಯಾಗ್ರಹಣ, ಧ್ವನಿಗ್ರಹಣ, ಸಂಕಲನ, ಕಲಾ ನಿರ್ದೇಶನ, ಚಿತ್ರಕಥೆ, ನಿರ್ದೇಶನ, ಅಭಿನಯ ಇವೆಲ್ಲ ಬೇರೆ ಬೇರೆ ಕಸುಬುಗಳು, ಒಂದೊಂದಕ್ಕೂ ಬೇರೆ ತರಬೇತಿ. ತೆರೆಯ ಮೇಲೆ ಕಾಣುವ ನಾಯಕ ನಟನೊಬ್ಬನ ಹಿಂದೆ ಕೆಲಸ ಮಾಡುವವರು ನೂರಾರು ಜನ, ಅವರ ಮನೆಯೂ ಆ ದುಡಿಮೆಯಿಂದಲೇ ನಡೆಯುತ್ತದೆ.

ಮೊದಲು ಆ ಸಂಸ್ಥೆಯ ಹಿನ್ನೆಲೆಯನ್ನು ಸ್ವಲ್ಪ ತಿಳಿದುಕೊಳ್ಳೋಣ. ಭಾರತ ಸರ್ಕಾರ 1960ರಲ್ಲಿ ಪುಣೆಯಲ್ಲಿ ಈ ಸಂಸ್ಥೆಯನ್ನು ತೆರೆಯಿತು. ಅದಕ್ಕೆ ಸಿಕ್ಕ ಜಾಗ ಹಳೆಯ ಪ್ರಭಾತ್ ಕಂಪನಿಯ ಸ್ಟುಡಿಯೋ. ಕೊಲ್ಹಾಪುರದಲ್ಲಿ 1929ರಲ್ಲಿ ಹುಟ್ಟಿದ ಪ್ರಭಾತ್ ಕಂಪನಿ 1933ರಲ್ಲಿ ಪುಣೆಗೆ ಬಂತು. ಅದನ್ನು ಕಟ್ಟಿದವರಲ್ಲಿ ಒಬ್ಬರಾದ ವಿ. ಶಾಂತಾರಾಮ್ ಹುಡುಗರಾಗಿದ್ದಾಗ ಹುಬ್ಬಳ್ಳಿಯ ರೈಲ್ವೆ ಕಾರ್ಖಾನೆಯಲ್ಲಿ, ಅಲ್ಲಿಯದೇ ಒಂದು ತಗಡಿನ ಚಿತ್ರಮಂದಿರದಲ್ಲಿ ದುಡಿದವರು. ಹೀಗೆ ಸಿನಿಮಾಕ್ಕೂ ನಮ್ಮ ಸೀಮೆಗೂ ಇರುವ ನಂಟು ಇಂದು ನಿನ್ನೆಯದಲ್ಲ. ತಾಳವಾಡಿಯಿಂದ ಬಂದಿರುವ ಬಂಧುಗಳಿಗೆ ಇದನ್ನು ನಾನು ಹೇಳಿಕೊಡಬೇಕಾಗಿಲ್ಲ. ಕನ್ನಡ ಚಿತ್ರರಂಗದ ಮೇರು ನಟ ಡಾ. ರಾಜಕುಮಾರ್ ಅವರ ಗಾಜನೂರು ಇರುವುದು ತಮಿಳುನಾಡಿನ ಈರೋಡು ಜಿಲ್ಲೆಯಲ್ಲಿ, ಅವರದೇ ಸೀಮೆಯಲ್ಲಿ.

ಕೇಂದ್ರ ಸರ್ಕಾರದ ಇನ್ನೊಂದು ಸಂಸ್ಥೆ ಕಲ್ಕತ್ತೆಯಲ್ಲಿದೆ. ಸತ್ಯಜಿತ್ ರಾಯ್ ಅವರ ಹೆಸರಿನ ಅದು ಆರಂಭವಾದದ್ದು 1995ರಲ್ಲಿ. ಎರಡೂ ಕಡೆ ಮುಖ್ಯ ಕೋರ್ಸುಗಳಿಗೆ ಪದವಿ ಬೇಕು. ಒಂದೊಂದು ವಿಭಾಗಕ್ಕೆ ತೆಗೆದುಕೊಳ್ಳುವುದು ಹತ್ತು ಹನ್ನೆರಡರ ಆಸುಪಾಸಿನ ವಿದ್ಯಾರ್ಥಿಗಳನ್ನು ಮಾತ್ರ, ಅದೂ ಇಡೀ ದೇಶದಿಂದ. ಪೈಪೋಟಿ ಎಷ್ಟು ಕಠಿಣವೆಂದು ಇದರಿಂದಲೇ ಊಹಿಸಬಹುದು. ಆಯ್ಕೆ ಎರಡು ಹಂತಗಳಲ್ಲಿ ನಡೆಯುತ್ತದೆ. ಮೊದಲು ಲಿಖಿತ ಪರೀಕ್ಷೆ. ಅದರಲ್ಲಿ ಉತ್ತರ ಆರಿಸುವ ಪ್ರಶ್ನೆಗಳಿರುತ್ತವೆ, ಬರೆದು ಉತ್ತರಿಸುವ ಪ್ರಶ್ನೆಗಳಿರುತ್ತವೆ. ಅಲ್ಲಿ ಗೆದ್ದವರನ್ನು ಎರಡನೆಯ ಹಂತಕ್ಕೆ ಕರೆದು ಪ್ರಾತ್ಯಕ್ಷಿಕ ಅಭ್ಯಾಸಗಳನ್ನು ಕೊಡುತ್ತಾರೆ, ಸಂದರ್ಶನ ಮಾಡುತ್ತಾರೆ. 2018ರಲ್ಲಿ ಎರಡೂ ಸಂಸ್ಥೆಗಳು ಸೇರಿ ಒಂದೇ ಪ್ರವೇಶ ಪರೀಕ್ಷೆ ಆರಂಭಿಸಿದವು, ಆಮೇಲೆ ಬೇರೆ ಬೇರೆಯಾಗಿ ನಡೆಸಿದ್ದೂ ಉಂಟು. ಆದ್ದರಿಂದ ಹಿಂದಿನ ವರ್ಷದ ಪದ್ಧತಿಯನ್ನೇ ನೆಚ್ಚಿಕೊಳ್ಳದೆ ಆಯಾ ವರ್ಷದ ಪ್ರಕಟಣೆಯನ್ನು ಪೂರ್ತಿ ಓದಬೇಕು.

ಇಷ್ಟು ಕೇಳಿದ ಮೇಲೆ ನಮ್ಮ ಮಕ್ಕಳ ಮನಸ್ಸಿನಲ್ಲಿ ಏಳುವ ಅಳುಕು ನನಗೆ ಗೊತ್ತು. "ಸರ್, ಅದು ಇಂಗ್ಲಿಷ್ ಬಲ್ಲವರ ಜಾಗ, ದೊಡ್ಡ ಊರಿನವರ ಜಾಗ. ನಮಗೆ ಅಲ್ಲೇನು ಕೆಲಸ?" ಈ ಅಳುಕಿನಲ್ಲಿ ಅರ್ಧ ಸತ್ಯವಿದೆ, ಅರ್ಧ ತಪ್ಪು ತಿಳಿವಳಿಕೆ ಇದೆ. ಎರಡನ್ನೂ ಬೇರ್ಪಡಿಸಿ ನೋಡೋಣ.

ತಪ್ಪು ತಿಳಿವಳಿಕೆ ಯಾವುದೆಂದರೆ, ನಮ್ಮ ಭಾಷೆ, ನಮ್ಮ ಊರು ಅಲ್ಲಿ ಕೊರತೆಯಾಗಿ ಕಾಣುತ್ತದೆ ಎನ್ನುವುದು. ನಡೆದ ಸಂಗತಿಗಳು ಬೇರೆಯೇ ಹೇಳುತ್ತವೆ. 2024ರ ಮೇ ತಿಂಗಳಲ್ಲಿ ಫ್ರಾನ್ಸಿನ ಕಾನ್ ಚಿತ್ರೋತ್ಸವದಲ್ಲಿ, ಜಗತ್ತಿನ ಚಿತ್ರಶಾಲೆಗಳ ವಿದ್ಯಾರ್ಥಿಗಳಿಗೆಂದೇ ಇರುವ ಸ್ಪರ್ಧೆಯ ಮೊದಲ ಬಹುಮಾನ ಪುಣೆ ಸಂಸ್ಥೆಯ ಒಂದು ಕಿರುಚಿತ್ರಕ್ಕೆ ಬಂತು. ಅದನ್ನು ಮಾಡಿದವರು ಚಿದಾನಂದ ಎಸ್. ನಾಯ್ಕ್. ವೈದ್ಯ ಪದವಿ ಪಡೆದಿದ್ದ ಅವರು ಪುಣೆಗೆ ಹೋಗಿ ಒಂದು ವರ್ಷದ ಟೆಲಿವಿಷನ್ ನಿರ್ದೇಶನದ ಕೋರ್ಸು ಮಾಡಿದರು. ಚಿತ್ರದ ಕಥೆ ನಮ್ಮ ಕಡೆಯ ಜನಪದ ಕಥೆ: ಮುದುಕಿಯೊಬ್ಬಳು ಊರಿನ ಹುಂಜವನ್ನು ಕದ್ದೊಯ್ಯುತ್ತಾಳೆ, ಊರಿಗೆ ಬೆಳಗೇ ಆಗುವುದಿಲ್ಲ. ಚಿತ್ರದ ಭಾಷೆ ಕನ್ನಡ. ಪುಣೆಯಲ್ಲಿ ಕಲಿತು, ಅಜ್ಜಿ ಹೇಳುವಂಥ ಕಥೆಯನ್ನು ಕನ್ನಡದಲ್ಲೇ ತೆಗೆದು, ಅದನ್ನು ಜಗತ್ತು ಮೆಚ್ಚಿತು ಎಂದ ಮೇಲೆ ಕನ್ನಡ ಅಲ್ಲಿ ಕೊರತೆ ಎಂದು ಯಾರು ಹೇಳಬಲ್ಲರು?

ಹಿಂದಿನವರನ್ನೂ ನೆನೆಯೋಣ. ತೀರ್ಥಹಳ್ಳಿ ಸೀಮೆಯ ಗಿರೀಶ ಕಾಸರವಳ್ಳಿಯವರು ಮಣಿಪಾಲದಲ್ಲಿ ಓದಿದ್ದು ಔಷಧಶಾಸ್ತ್ರ, ಆಮೇಲೆ ಪುಣೆಯಲ್ಲಿ ನಿರ್ದೇಶನ ಕಲಿತರು. 1977ರ ಅವರ 'ಘಟಶ್ರಾದ್ಧ' ರಾಷ್ಟ್ರದ ಅತ್ಯುತ್ತಮ ಚಿತ್ರವಾಗಿ ಸ್ವರ್ಣಕಮಲ ಪಡೆಯಿತು. ಮುಂದೆ 'ತಬರನ ಕಥೆ', 'ತಾಯಿ ಸಾಹೇಬ', 'ದ್ವೀಪ' ಚಿತ್ರಗಳಿಗೂ ಅದೇ ಮನ್ನಣೆ ಸಿಕ್ಕಿತು. ಕೇರಳದ ಅಡೂರ್ ಗೋಪಾಲಕೃಷ್ಣನ್ ಪುಣೆಗೆ ಹೋಗುವ ಮುನ್ನ ಗಾಂಧಿಗ್ರಾಮದ ಗ್ರಾಮೀಣ ಸಂಸ್ಥೆಯಲ್ಲಿ ಓದಿದವರು. ಮಗು ಯಾವ ಪದವಿ ಮಾಡಿದರೂ ಈ ಬಾಗಿಲು ಮುಚ್ಚುವುದಿಲ್ಲ ಎನ್ನುವುದಕ್ಕೆ ಇವು ಸಾಕ್ಷಿ. ಇನ್ನು ನಮ್ಮ ಸೊಲ್ಲಾಪುರ ಜಿಲ್ಲೆಯವರೇ ಆದ ನಾಗರಾಜ ಮಂಜುಳೆ ಅವರನ್ನು ನೋಡಿ. ಕರಮಾಳಾ ತಾಲ್ಲೂಕಿನ ಜೇವೂರಿನವರು, ಮರಾಠಿ ಸಾಹಿತ್ಯ ಓದಿದವರು. ಅವರು ಪುಣೆಯ ಈ ಸಂಸ್ಥೆಯಲ್ಲಿ ಕಲಿಯಲಿಲ್ಲ. 'ಪಿಸ್ತುಲ್ಯಾ' ಕಿರುಚಿತ್ರಕ್ಕೆ ರಾಷ್ಟ್ರಪ್ರಶಸ್ತಿ ಪಡೆದು, 2013ರಲ್ಲಿ 'ಫಂಡ್ರಿ', 2016ರಲ್ಲಿ 'ಸೈರಾಟ್' ಮಾಡಿದರು. ತಮ್ಮ ಸೀಮೆಯ ಮಾತು, ತಮ್ಮ ಸೀಮೆಯ ನೋವು ಬಿಟ್ಟು ಬೇರೆ ಬಂಡವಾಳ ಅವರಿಗೆ ಬೇಕಾಗಲಿಲ್ಲ. ನಮ್ಮ ಮಕ್ಕಳ ಬಳಿ ಇರುವುದೂ ಅದೇ ಬಂಡವಾಳ.

ಹಾಗಾದರೆ ನಿಜವಾದ ಅಡ್ಡಿಗಳು ಯಾವುವು? ನಾನು ಕಂಡಂತೆ ನಾಲ್ಕು. ಮೂರನ್ನು ನಾವೇ, ನಮ್ಮ ಶಾಲೆಗಳಲ್ಲೇ ನಿವಾರಿಸಬಹುದು. ನಾಲ್ಕನೆಯದಕ್ಕೆ ಎಲ್ಲರೂ ಸೇರಿ ಸರ್ಕಾರವನ್ನು ಕೇಳಬೇಕು.

ಮೊದಲನೆಯ ಅಡ್ಡಿ ಸಮಯಕ್ಕೆ ಸರಿಯಾಗಿ ತಿಳಿಯದೆ ಇರುವುದು. ನನ್ನಲ್ಲಿ ಕಲಿತ ಒಬ್ಬ ಹುಡುಗನ ಮಾತು ಹೇಳುತ್ತೇನೆ. ಅವನ ತಂದೆ ಪವರ್‌ಲೂಮಿನಲ್ಲಿ ಕೆಲಸಗಾರ. ಹುಡುಗನ ಕಿವಿ ಬಹಳ ಚುರುಕು. ಭಜನೆಯಲ್ಲಿ ಯಾವ ತಾಳ ಎಲ್ಲಿ ತಪ್ಪಿತೆಂದು ಹೇಳುತ್ತಿದ್ದ, ಶಾಲೆಯ ಹಳೆಯ ಧ್ವನಿವರ್ಧಕವನ್ನು ತಾನೇ ಬಿಚ್ಚಿ ರಿಪೇರಿ ಮಾಡುತ್ತಿದ್ದ. ಬಿ.ಎ. ಮುಗಿಸಿದ ಮೇಲೆ ಧ್ವನಿಗ್ರಹಣ ಕಲಿಯುವ ಆಸೆ ಹುಟ್ಟಿ ಅರ್ಜಿಯ ನಿಯಮ ಓದಿದ. ಆ ವಿಭಾಗಕ್ಕೆ ಯಾವ ಪದವಿಯಾದರೂ ನಡೆಯುತ್ತದೆ, ಆದರೆ ಹನ್ನೆರಡನೆಯ ಇಯತ್ತೆಯಲ್ಲಿ ಭೌತಶಾಸ್ತ್ರ ಓದಿರಬೇಕು. ಅವನು ಓದಿರಲಿಲ್ಲ. ಹತ್ತನೆಯ ಇಯತ್ತೆಯ ನಂತರ ಆರ್ಟ್ಸ್ ತೆಗೆದುಕೊಂಡ ದಿನವೇ ಆ ಬಾಗಿಲು ಮುಚ್ಚಿತ್ತು. ಅದು ಅವನಿಗೆ ಗೊತ್ತಾದದ್ದು ಐದು ವರ್ಷಗಳ ಮೇಲೆ. ಅವನಲ್ಲಿ ಶಕ್ತಿಯಿತ್ತು, ಆದರೆ ಹದಿನಾರನೆಯ ವಯಸ್ಸಿನಲ್ಲಿ ಒಂದು ವಾಕ್ಯ ಹೇಳುವವರು ಇರಲಿಲ್ಲ. ದೊಡ್ಡ ಊರಿನ ಮನೆಗಳಲ್ಲಿ ಅಂಥ ವಾಕ್ಯ ಊಟದ ಹೊತ್ತಿಗೆ ಕಿವಿಗೆ ಬೀಳುತ್ತದೆ. ನಮ್ಮ ಮಕ್ಕಳಿಗೆ ಅದನ್ನು ಹೇಳಬೇಕಾದವರು ಶಿಕ್ಷಕರು.

ಆದ್ದರಿಂದ ನನ್ನ ಮೊದಲ ವಿನಂತಿ. ಪ್ರತಿಯೊಂದು ಕನ್ನಡ ಶಾಲೆಯೂ ಒಂಬತ್ತು ಮತ್ತು ಹತ್ತನೆಯ ಮಕ್ಕಳಿಗೆ ಈ ವಿವರಗಳನ್ನು ಫಲಕದ ಮೇಲೆ ಬರೆದು ತೋರಿಸಲಿ: ನಿರ್ದೇಶನ, ಛಾಯಾಗ್ರಹಣ, ಸಂಕಲನಕ್ಕೆ ಯಾವ ಪದವಿಯಾದರೂ ಸರಿ. ಧ್ವನಿಗೆ ಭೌತಶಾಸ್ತ್ರ ಬೇಕು. ಕಲಾ ನಿರ್ದೇಶನಕ್ಕೆ ಚಿತ್ರಕಲೆ, ಶಿಲ್ಪ, ವಾಸ್ತುಶಿಲ್ಪದಂಥ ವಿಷಯಗಳ ಪದವಿ ಬೇಕು, ಹಾಗಾಗಿ ಚಿತ್ರ ಬರೆಯುವ ಮಗು ಮೊದಲೇ ಆ ದಾರಿ ಹಿಡಿಯಬೇಕು.

ಪದವಿಯವರೆಗೆ ಕಾಯಲಾಗದವರಿಗೆ ಬೇರೆ ದಾರಿಗಳೂ ಇವೆ. ಚೆನ್ನೈಯ ತರಮಣಿಯಲ್ಲಿ ಎಂ.ಜಿ.ಆರ್. ಹೆಸರಿನ ಸರ್ಕಾರಿ ಸಂಸ್ಥೆಯಿದೆ, ಹನ್ನೆರಡನೆಯದನ್ನು ಮುಗಿಸಿದವರು ಅಲ್ಲಿಯ ಪದವಿಗೆ ಅರ್ಜಿ ಹಾಕಬಹುದು. ಹೊಸೂರು, ತಾಳವಾಡಿ, ನೀಲಗಿರಿಯವರು ಇದನ್ನು ಗಮನಿಸಬೇಕು. ಕಾಸರಗೋಡು, ವಯನಾಡಿನವರಿಗೆ ಕೋಟ್ಟಯಂ ಜಿಲ್ಲೆಯಲ್ಲಿ ಕೇರಳ ಸರ್ಕಾರ 2014ರಲ್ಲಿ ಆರಂಭಿಸಿದ ಕೆ. ಆರ್. ನಾರಾಯಣನ್ ಸಂಸ್ಥೆಯಿದೆ. ಬೆಂಗಳೂರಿನ ಹೊರವಲಯದ ಹೆಸರಘಟ್ಟದಲ್ಲಿ ಕರ್ನಾಟಕ ಸರ್ಕಾರದ ಸಂಸ್ಥೆಯಿದೆ. ಅದರ ಬೇರು ಬೆಂಗಳೂರಿನ ಶ್ರೀ ಜಯಚಾಮರಾಜೇಂದ್ರ ಪಾಲಿಟೆಕ್ನಿಕ್‌ನಲ್ಲಿ 1943ರಲ್ಲಿ ಆರಂಭವಾದ ಡಿಪ್ಲೊಮಾ ತರಗತಿಗಳಲ್ಲಿದೆ. ಅಲ್ಲಿ ಛಾಯಾಗ್ರಹಣ ಕಲಿತ ಮೈಸೂರಿನ ವಿ. ಕೆ. ಮೂರ್ತಿಯವರು 1959ರಲ್ಲಿ ಗುರುದತ್ತರ 'ಕಾಗಜ್ ಕೆ ಫೂಲ್' ಚಿತ್ರೀಕರಿಸಿದರು. ಅದು ಭಾರತದ ಮೊದಲ ಸಿನೆಮಾಸ್ಕೋಪ್ ಚಿತ್ರ. 2008ನೇ ಸಾಲಿನ ದಾದಾಸಾಹೇಬ್ ಫಾಲ್ಕೆ ಪ್ರಶಸ್ತಿ ಅವರಿಗೆ ಸಂದಿತು. ಆ ಗೌರವ ಪಡೆದ ಮೊದಲ ಛಾಯಾಗ್ರಾಹಕ ಅವರು. ಗೋವಿಂದ ನಿಹಲಾನಿ ಕಲಿತದ್ದೂ ಅದೇ ಪಾಲಿಟೆಕ್ನಿಕ್‌ನಲ್ಲಿ. ಪುಣೆ ಒಂದೇ ಗುರಿ ಎಂದು ಹಿಡಿದು ಅಲ್ಲಿ ಸಿಗದಿದ್ದರೆ ಕೈಚೆಲ್ಲಿ ಕೂರುವುದು ಬೇಡ.

ಎರಡನೆಯ ಅಡ್ಡಿ ಅಭ್ಯಾಸದ ಕೊರತೆ. ಪ್ರವೇಶ ಪರೀಕ್ಷೆಯಲ್ಲಿ ಸಾಮಾನ್ಯ ಜ್ಞಾನ, ಸಾಹಿತ್ಯ, ಕಲೆ, ಸಿನಿಮಾ ಇವುಗಳ ಮೇಲೆ ಪ್ರಶ್ನೆಗಳಿರುತ್ತವೆ. ಅವನ್ನು ಓದಿ ತಯಾರಾಗಬಹುದು. ಆದರೆ ಬರೆದು ಉತ್ತರಿಸುವ ಭಾಗದಲ್ಲಿ ಮತ್ತು ಸಂದರ್ಶನದಲ್ಲಿ ಅವರು ನೋಡುವುದು ಮಗು ಎಷ್ಟು ಚೆನ್ನಾಗಿ ಕಂಡಿದೆ, ಕೇಳಿದೆ, ತನ್ನದಾಗಿ ಯೋಚಿಸಿದೆ ಎನ್ನುವುದನ್ನು. ಇದಕ್ಕೆ ಗೈಡು ಪುಸ್ತಕ ಸಿಗುವುದಿಲ್ಲ.

ಒಂದು ಉದಾಹರಣೆ ಕೊಡುತ್ತೇನೆ. "ನಿನಗೆ ಸಿನಿಮಾ ಏಕೆ ಬೇಕು?" ಎಂದು ಕೇಳಿದಾಗ ಹತ್ತರಲ್ಲಿ ಒಂಬತ್ತು ಮಕ್ಕಳು "ನನಗೆ ಚಿಕ್ಕಂದಿನಿಂದ ಸಿನಿಮಾ ಎಂದರೆ ಪ್ರಾಣ, ಸಮಾಜಕ್ಕೆ ಒಳ್ಳೆಯ ಸಂದೇಶ ಕೊಡಬೇಕು" ಎಂದು ಬರೆಯುತ್ತಾರೆ. ಇದನ್ನು ಕೇರಳದವರೂ ಬರೆಯಬಹುದು, ಪಂಜಾಬಿನವರೂ ಬರೆಯಬಹುದು. ಇದರಲ್ಲಿ ಆ ಮಗು ಎಲ್ಲಿಯೂ ಕಾಣುವುದಿಲ್ಲ. ಅದೇ ಸೊಲ್ಲಾಪುರದ ಹುಡುಗಿಯೊಬ್ಬಳು ಹೀಗೆ ಬರೆದಳೆಂದುಕೊಳ್ಳಿ: "ನಮ್ಮ ಓಣಿಯಲ್ಲಿ ಹಗಲು ರಾತ್ರಿ ಮಗ್ಗದ ಸಪ್ಪಳ. ಆ ಸಪ್ಪಳದಲ್ಲಿ ಮಾತು ಕೇಳಿಸಲೆಂದು ನಮ್ಮ ಮನೆಯವರೆಲ್ಲ ಗಟ್ಟಿಯಾಗಿ ಮಾತಾಡುತ್ತೇವೆ. ಕರೆಂಟು ಹೋದ ಕೂಡಲೇ ಮಗ್ಗಗಳು ನಿಲ್ಲುತ್ತವೆ, ನಮ್ಮ ದನಿ ಮಾತ್ರ ಸ್ವಲ್ಪ ಹೊತ್ತು ಹಾಗೆಯೇ ಗಟ್ಟಿಯಾಗಿರುತ್ತದೆ. ಆಮೇಲೆ ಎಲ್ಲರೂ ನಾಚಿಕೊಂಡು ಮೆಲ್ಲಗೆ ಮಾತಾಡುತ್ತಾರೆ. ಆಗಲೇ ಅವ್ವನ ಕೈಯಲ್ಲಿ ಬೀಡಿ ಎಲೆ ಕತ್ತರಿಸುವ ಸದ್ದು ನನಗೆ ಕೇಳಿಸುವುದು." ಓದುವವರು ತಲೆ ಎತ್ತಿ ಈ ಹುಡುಗಿ ಯಾರು ಎಂದು ನೋಡುತ್ತಾರೆ. ಇಲ್ಲಿ ದೊಡ್ಡ ಪದವೊಂದೂ ಇಲ್ಲ, ಆದರೆ ಕಿವಿಯಿದೆ, ಕಣ್ಣಿದೆ, ಊರಿದೆ, ಒಂದು ಮನೆಯ ದುಡಿಮೆಯಿದೆ.

ಇಂಥ ಬರವಣಿಗೆ ಕಲಿಸುವುದಕ್ಕೆ ಕನ್ನಡ ತಾಸಿಗಿಂತ ಒಳ್ಳೆಯ ಜಾಗ ಯಾವುದಿದೆ? ಶನಿವಾರಕ್ಕೊಮ್ಮೆ ಮಕ್ಕಳಿಗೆ ಹತ್ತು ಸಾಲು ಬರೆಸಿ. ಒಂದೇ ನಿಯಮ: ಕಣ್ಣಿಗೆ ಕಂಡದ್ದು, ಕಿವಿಗೆ ಕೇಳಿದ್ದು ಮಾತ್ರ ಬರೆಯಬೇಕು. 'ಸುಂದರ', 'ಅದ್ಭುತ', 'ದುಃಖಕರ' ಎಂಬ ಪದಗಳು ಬೇಡ. ಜತ್ತದ ಮಗು ನೀರಿನ ಟ್ಯಾಂಕರು ಬಂದ ಹೊತ್ತಿನ ಬಗ್ಗೆ ಬರೆಯಲಿ. ಕಾಸರಗೋಡಿನ ಮಗು ಯಕ್ಷಗಾನದ ಚೌಕಿಯಲ್ಲಿ ಬಣ್ಣ ಹಚ್ಚಿಕೊಳ್ಳುವವರ ಬಗ್ಗೆ ಬರೆಯಲಿ. ಹೊಸೂರಿನ ಮಗು ನಸುಕಿನಲ್ಲಿ ಗುಲಾಬಿ ಕೊಯ್ದು ಕಟ್ಟು ಕಟ್ಟುವುದನ್ನು ಬರೆಯಲಿ. ಮೊದಲು ಕನ್ನಡದಲ್ಲೇ ಬರೆಯಲಿ, ಏಕೆಂದರೆ ಮಗು ಕಂಡದ್ದು ಆ ಭಾಷೆಯಲ್ಲಿ. ಆಮೇಲೆ ಅದನ್ನೇ ಸರಳ ಹಿಂದಿಯಲ್ಲೋ ಇಂಗ್ಲಿಷಿನಲ್ಲೋ ಬರೆಯಲಿ. ಸಣ್ಣ ವಾಕ್ಯ ಸಾಕು. ವ್ಯಾಕರಣದ ಒಂದೆರಡು ತಪ್ಪಿಗಿಂತ ಬಾಯಿಪಾಠದ ಉತ್ತರವೇ ಹೆಚ್ಚು ಹಾನಿ ಮಾಡುತ್ತದೆ.

ಸಿನಿಮಾ ನೋಡುವುದಕ್ಕೂ ಅಭ್ಯಾಸ ಬೇಕು. ಒಂದೇ ಚಿತ್ರದ ಹತ್ತು ನಿಮಿಷದ ಭಾಗವನ್ನು ಮೂರು ಸಲ ತೋರಿಸಿ. ಒಮ್ಮೆ ಇದ್ದ ಹಾಗೆ, ಒಮ್ಮೆ ದನಿ ನಿಲ್ಲಿಸಿ, ಒಮ್ಮೆ ಕಣ್ಣು ಮುಚ್ಚಿಸಿ ದನಿ ಮಾತ್ರ ಕೇಳಿಸಿ. ಆಮೇಲೆ ಏನು ಕಂಡಿತು, ಏನು ಕೇಳಿತು, ಎಲ್ಲಿ ದೃಶ್ಯ ಬದಲಾಯಿತು ಎಂದು ಕೇಳಿ. ಇದಕ್ಕೆ ಒಬ್ಬ ಶಿಕ್ಷಕರ ಫೋನು ಸಾಕು. "ಹಳ್ಳಿಯವರಿಗೆ ಇದೆಲ್ಲ ಹತ್ತುತ್ತದೆಯೇ?" ಎಂದು ಕೇಳುವವರಿಗೆ ಹೆಗ್ಗೋಡಿನ ಉದಾಹರಣೆಯಿದೆ. ಸಾಗರ ತಾಲ್ಲೂಕಿನ ಆ ಹಳ್ಳಿಯಲ್ಲಿ ಕೆ. ವಿ. ಸುಬ್ಬಣ್ಣನವರ ನೀನಾಸಂ 'ಬೈಸಿಕಲ್ ಥೀವ್ಸ್', 'ಪಥೇರ್ ಪಾಂಚಾಲಿ'ಯಂಥ ಚಿತ್ರಗಳನ್ನು ರೈತರಿಗೆ, ಕೂಲಿಯವರಿಗೆ ತೋರಿಸಿತು. ಪುಣೆಯ ರಾಷ್ಟ್ರೀಯ ಚಲನಚಿತ್ರ ಸಂಗ್ರಹಾಲಯದ ಪಿ. ಕೆ. ನಾಯರ್, ಚಿತ್ರಶಾಲೆಯ ಪ್ರಾಧ್ಯಾಪಕ ಸತೀಶ್ ಬಹದ್ದೂರ್ ಅದಕ್ಕೆ ಒತ್ತಾಸೆಯಾಗಿ ನಿಂತರು. ಇಟಲಿಯ ಸೈಕಲ್ ಕಳೆದುಕೊಂಡವನ ಕಷ್ಟ ಮಲೆನಾಡಿನ ಕೂಲಿಯವನಿಗೆ ತಿಳಿಯದೆ ಹೋಗಲಿಲ್ಲ. ಗೋವೆಯಲ್ಲಿರುವ ನಮ್ಮ ಬಂಧುಗಳ ಊರಿನಲ್ಲೇ 2004ರಿಂದ ಭಾರತದ ಅಂತರರಾಷ್ಟ್ರೀಯ ಚಿತ್ರೋತ್ಸವ ನಡೆಯುತ್ತಿದೆ. ಅಲ್ಲಿಯ ಕನ್ನಡ ಶಾಲೆಗಳಿಂದ ಕಲಿತು ಹೋದ ಕಾಲೇಜು ಮಕ್ಕಳನ್ನಾದರೂ ಅದರ ಬಾಗಿಲಿಗೆ ಕಳಿಸಬೇಕು.

ಮೂರನೆಯ ಅಡ್ಡಿ ಕಾಗದ ಪತ್ರ. ಇದು ಗಡಿನಾಡಿನವರ ವಿಶೇಷ ಕಷ್ಟ. ಕೇಂದ್ರದ ಸಂಸ್ಥೆಗಳಲ್ಲಿ ಮೀಸಲಾತಿ ಇದೆ. ಆದರೆ ಪರಿಶಿಷ್ಟ ಜಾತಿ, ಪಂಗಡ, ಹಿಂದುಳಿದ ವರ್ಗ ಈ ಪಟ್ಟಿಗಳು ರಾಜ್ಯಕ್ಕೊಂದು. ಗಡಿಯ ಆ ಬದಿಯಲ್ಲಿ ಒಂದು ಹೆಸರಿನಲ್ಲಿರುವ ಜಾತಿ ಈ ಬದಿಯಲ್ಲಿ ಇನ್ನೊಂದು ಹೆಸರಿನಲ್ಲಿ ಇರಬಹುದು, ಪಟ್ಟಿಯಲ್ಲಿ ಇಲ್ಲದೆಯೂ ಇರಬಹುದು. ಹಿಂದುಳಿದ ವರ್ಗದವರಿಗೆ ರಾಜ್ಯದ ಪಟ್ಟಿ ಬೇರೆ, ಕೇಂದ್ರದ ಪಟ್ಟಿ ಬೇರೆ. ಕೇಂದ್ರದ ಪಟ್ಟಿಯಲ್ಲಿ ಹೆಸರಿದ್ದು, ಕೇಂದ್ರದ ನಮೂನೆಯಲ್ಲೇ ಪ್ರಮಾಣಪತ್ರ ಬೇಕು. ಅದಕ್ಕೆ ಕೆನೆಪದರಕ್ಕೆ ಸೇರಿಲ್ಲವೆಂಬ ದಾಖಲೆಯೂ ಸಕಾಲದ್ದಾಗಿರಬೇಕು.

ಮಹಾರಾಷ್ಟ್ರದಲ್ಲಿ ಜಾತಿ ಪ್ರಮಾಣಪತ್ರಕ್ಕೆ ಹಳೆಯ ಪುರಾವೆ ಕೇಳುತ್ತಾರೆ. ಪರಿಶಿಷ್ಟರಿಗೆ 1950ರ, ವಿಮುಕ್ತ ಜಾತಿ ಮತ್ತು ಅಲೆಮಾರಿ ಪಂಗಡಗಳಿಗೆ 1961ರ, ಇತರ ಹಿಂದುಳಿದವರಿಗೆ 1967ರ ಹಿಂದಿನ ದಾಖಲೆ. ನಮ್ಮ ಅನೇಕ ಮನೆಗಳಲ್ಲಿ ಅಷ್ಟು ಹಳೆಯ ಕಾಗದವೆಂದರೆ ಅಜ್ಜನ ಶಾಲೆಯ ದಾಖಲೆ ಒಂದೇ. ಅದು ಇರುವುದು ಕನ್ನಡ ಶಾಲೆಯ ಜನರಲ್ ರಜಿಸ್ಟರಿನಲ್ಲಿ, ಕನ್ನಡ ಅಕ್ಷರದಲ್ಲಿ. ಅದನ್ನು ಓದಲು ಬಾರದ ಗುಮಾಸ್ತರು ಮಕ್ಕಳನ್ನು ತಿರುಗಿ ಕಳಿಸುತ್ತಾರೆ. ಮುಖ್ಯಾಧ್ಯಾಪಕರಲ್ಲಿ ನನ್ನ ಕೈಮುಗಿದ ಪ್ರಾರ್ಥನೆ: ಆ ಹಳೆಯ ರಜಿಸ್ಟರುಗಳನ್ನು ಗೆದ್ದಲಿನಿಂದ ಕಾಪಾಡಿ, ಪುಟಪುಟದ ಫೋಟೊ ತೆಗೆದಿಡಿ. ಕೇಳಿ ಬಂದವರಿಗೆ ನಕಲಿನ ಜೊತೆ ಮರಾಠಿ ಅನುವಾದವನ್ನೂ ಸಹಿ ಶಿಕ್ಕೆ ಹಾಕಿ ಕೊಡಿ. ಒಂದು ಮಗುವಿನ ಪ್ರವೇಶ ಆ ಒಂದು ಸಾಲಿನ ಮೇಲೆ ನಿಂತಿರಬಹುದು.

ಖರ್ಚಿನ ಮಾತೂ ಇದೆ. ಪ್ರವೇಶ ಪರೀಕ್ಷೆಯ ಶುಲ್ಕವೇ ಬಡ ಮನೆಯವರಿಗೆ ಭಾರ. 2019ರ ಡಿಸೆಂಬರಿನಲ್ಲಿ ಶುಲ್ಕ ಏರಿಕೆಯ ವಿರುದ್ಧ ಪುಣೆ ಸಂಸ್ಥೆಯ ವಿದ್ಯಾರ್ಥಿಗಳೇ ಉಪವಾಸ ಕುಳಿತಿದ್ದರು ಎಂದರೆ ನೀವೇ ತಿಳಿಯಿರಿ. ಪರಿಶಿಷ್ಟ ವರ್ಗದವರಿಗೆ ಶುಲ್ಕದಲ್ಲಿ ರಿಯಾಯಿತಿ ಇರುತ್ತದೆ, ಸೇರಿದ ಮೇಲೆ ವಿದ್ಯಾರ್ಥಿವೇತನಕ್ಕೆ ಅರ್ಜಿ ಹಾಕಬಹುದು. ಊರಿನ ಕನ್ನಡ ಸಂಘಗಳು ರಾಜ್ಯೋತ್ಸವದ ಮಂಟಪಕ್ಕೆ ಖರ್ಚು ಮಾಡುವುದರಲ್ಲಿ ಒಂದು ಭಾಗವನ್ನು ಇಬ್ಬರು ಮಕ್ಕಳ ಪರೀಕ್ಷಾ ಶುಲ್ಕಕ್ಕೆ, ಪ್ರಯಾಣದ ವೆಚ್ಚಕ್ಕೆ ಎತ್ತಿಟ್ಟರೆ ಕನ್ನಡಮ್ಮ ಖಂಡಿತ ಮುನಿಯುವುದಿಲ್ಲ.

ಇನ್ನು ನಾಲ್ಕನೆಯದು. ಮಕ್ಕಳ ಅಳುಕಿನಲ್ಲಿ ಅರ್ಧ ಸತ್ಯವಿದೆ ಎಂದೆನಲ್ಲ, ಆ ಸತ್ಯ ಇದೇ. ಜಂಟಿ ಪ್ರವೇಶ ಪರೀಕ್ಷೆಯ ಪ್ರಶ್ನೆಪತ್ರಿಕೆ ಬಂದದ್ದು ಇಂಗ್ಲಿಷ್ ಮತ್ತು ಹಿಂದಿಯಲ್ಲಿ, ಉತ್ತರ ಬರೆಯಬೇಕಾದದ್ದೂ ಆ ಎರಡರಲ್ಲೊಂದರಲ್ಲಿ. ದಿಲ್ಲಿಯ ಮಗು, ಲಖನೌದ ಮಗು ತನ್ನ ಮನೆಮಾತಿನಲ್ಲಿ ಕಥೆ ಬರೆಯುತ್ತದೆ. ಅಕ್ಕಲಕೋಟೆಯ ಮಗು ಮನೆಯಲ್ಲಿ ಕನ್ನಡ, ಪೇಟೆಯಲ್ಲಿ ಮರಾಠಿ ಆಡುತ್ತಾ ಬೆಳೆದು, ಎರಡರಲ್ಲೂ ಚೆನ್ನಾಗಿ ಬರೆಯಬಲ್ಲದ್ದಾದರೂ ಮೂರನೆಯ ಅಥವಾ ನಾಲ್ಕನೆಯ ಭಾಷೆಯಲ್ಲಿ ತನ್ನ ಕಲ್ಪನೆಯನ್ನು ತೋರಿಸಬೇಕು. ವೇಳೆಯೋ ಇಬ್ಬರಿಗೂ ಒಂದೇ.

ಸಂವಿಧಾನದ 29ನೆಯ ವಿಧಿಯ ಎರಡನೆಯ ಉಪವಿಧಿ, ಸರ್ಕಾರ ನಡೆಸುವ ವಿದ್ಯಾಸಂಸ್ಥೆಯಲ್ಲಿ ಭಾಷೆಯ ಕಾರಣಕ್ಕಾಗಿಯೇ ಯಾವ ಪ್ರಜೆಗೂ ಪ್ರವೇಶ ನಿರಾಕರಿಸಬಾರದು ಎನ್ನುತ್ತದೆ. ಎರಡು ಭಾಷೆಯಲ್ಲಿ ಪರೀಕ್ಷೆ ನಡೆಸುವುದು ಆ ವಿಧಿಯ ಉಲ್ಲಂಘನೆಯೆಂದು ನಾನು ಹೇಳುತ್ತಿಲ್ಲ, ಅದು ವಕೀಲರ ಕ್ಷೇತ್ರ. ಆದರೆ ಆ ವಿಧಿಯ ಆಶಯವನ್ನು ನೆನಪಿಸುವ ಹಕ್ಕು ನಮಗಿದೆ.

"ಕನ್ನಡದಲ್ಲಿ ಪರೀಕ್ಷೆ ನಡೆಸಲು ಆಗುವುದಿಲ್ಲ" ಎಂಬ ಉತ್ತರಕ್ಕೆ ಈಗ ಬಲವಿಲ್ಲ. ವೈದ್ಯಕೀಯ ಪ್ರವೇಶದ ನೀಟ್ ಪರೀಕ್ಷೆ 2017ರಿಂದ ಕನ್ನಡದಲ್ಲೂ ಇದೆ. ಇಂಜಿನಿಯರಿಂಗಿನ ಜೆ.ಇ.ಇ. ಮೇನ್ 2021ರಲ್ಲಿ 13 ಭಾಷೆಗಳಿಗೆ ವಿಸ್ತರಿಸಿತು. ಕೇಂದ್ರೀಯ ವಿಶ್ವವಿದ್ಯಾಲಯಗಳ ಪದವಿ ಪ್ರವೇಶ ಪರೀಕ್ಷೆ 2022ರಲ್ಲಿ ಆರಂಭವಾದಾಗಲೇ 13 ಭಾಷೆಗಳಲ್ಲಿ ನಡೆಯಿತು. ಲಕ್ಷಾಂತರ ಮಕ್ಕಳ ಪರೀಕ್ಷೆಯನ್ನು ಇಷ್ಟು ಭಾಷೆಗಳಲ್ಲಿ ನಡೆಸಬಲ್ಲ ದೇಶಕ್ಕೆ, ಕಥೆ ಹೇಳುವ ಕಲೆಯ ಪರೀಕ್ಷೆಯನ್ನು ಮಾತ್ರ ಎರಡೇ ಭಾಷೆಯಲ್ಲಿ ನಡೆಸಬೇಕಾದ ಅಗತ್ಯ ಏನಿದೆ? ಅಲ್ಲಿ ಕಲಿತವರು ಮುಂದೆ ಚಿತ್ರ ಮಾಡುವುದು ಕನ್ನಡದಲ್ಲಿ, ಮಲೆಯಾಳದಲ್ಲಿ, ಮರಾಠಿಯಲ್ಲಿ, ಅಸ್ಸಾಮಿಯಲ್ಲಿ. ಆ ಚಿತ್ರಗಳಿಗೆ ಬಹುಮಾನ ಬಂದಾಗ ಸಂಸ್ಥೆಯೂ ಹೆಮ್ಮೆ ಪಡುತ್ತದೆ. ಹೊರಗೆ ಬರುವಾಗ ಸಲ್ಲುವ ಭಾಷೆ ಒಳಗೆ ಹೋಗುವಾಗಲೂ ಸಲ್ಲಬೇಕು.

ಹಾಗಾಗಿ ನಮ್ಮ ಬೇಡಿಕೆ ಸ್ಪಷ್ಟವಾಗಿರಲಿ. ಒಂದು, ಪ್ರಶ್ನೆಪತ್ರಿಕೆ ಸಂವಿಧಾನದ ಎಂಟನೆಯ ಪರಿಚ್ಛೇದದ ಭಾಷೆಗಳಲ್ಲಿ ದೊರೆಯಬೇಕು. ಎರಡು, ಬರೆದು ಉತ್ತರಿಸುವ ಭಾಗವನ್ನಾದರೂ ಆ ಭಾಷೆಗಳಲ್ಲಿ ಬರೆಯಲು ಅವಕಾಶವಿರಬೇಕು. ಮೂರು, ಸಂದರ್ಶನದಲ್ಲಿ ಕೇಳಿದ ಮಗುವಿಗೆ ದುಭಾಷಿ ಸಿಗಬೇಕು.

ಇದನ್ನು ಕೇವಲ ಕನ್ನಡದವರ ಬೇಡಿಕೆಯಾಗಿ ಮಾಡಬೇಡಿ ಎನ್ನುವುದು ನನ್ನ ಸಲಹೆ. ಬೆಳಗಾವಿಯ ಮರಾಠಿ ಶಾಲೆಯ ಮಗುವಿನ ಕಷ್ಟ ಅಕ್ಕಲಕೋಟೆಯ ಕನ್ನಡ ಶಾಲೆಯ ಮಗುವಿನ ಕಷ್ಟದಂಥದ್ದೇ. ಆದೋನಿಯಲ್ಲಿ ನಮ್ಮ ಪಕ್ಕದ ಬೆಂಚಿನ ತೆಲುಗು ಮಗುವಿನದೂ ಅದೇ, ಕಾಸರಗೋಡಿನ ಮಲೆಯಾಳ ಮಗುವಿನದೂ ಅದೇ. ಗಡಿ ಎಂದೊಡನೆ ಜಗಳವನ್ನೇ ನೆನೆಯುವವರಿಗೆ, ಎರಡೂ ಬದಿಯ ಮೇಷ್ಟ್ರುಗಳು ಒಂದೇ ಮನವಿಗೆ ಸಹಿ ಹಾಕಿದ್ದನ್ನು ಒಮ್ಮೆ ತೋರಿಸೋಣ. ಸಂವಿಧಾನದ 350ನೆಯ ವಿಧಿಯಂತೆ ನಮ್ಮ ದೂರನ್ನು ದೇಶದಲ್ಲಿ ಬಳಕೆಯಲ್ಲಿರುವ ಭಾಷೆಯಲ್ಲೇ ಕೇಂದ್ರದ ಅಧಿಕಾರಿಗೆ ಬರೆಯಬಹುದು. ಕೇಂದ್ರದ ವಾರ್ತಾ ಮತ್ತು ಪ್ರಸಾರ ಮಂತ್ರಾಲಯಕ್ಕೆ ಬರೆಯೋಣ. 350 ಬಿ ವಿಧಿಯಂತೆ ನೇಮಕವಾಗುವ ಭಾಷಾ ಅಲ್ಪಸಂಖ್ಯಾತರ ಆಯುಕ್ತರಿಗೆ ಒಂದು ಪ್ರತಿ ಕಳಿಸೋಣ. ಮೂಲ ಪ್ರತಿ ಕನ್ನಡದಲ್ಲೇ ಇರಲಿ, ಜೊತೆಗೆ ಅನುವಾದ ಹೋಗಲಿ.

ಆದರೆ ಮಕ್ಕಳೇ, ಆ ಉತ್ತರ ಬರುವವರೆಗೆ ನೀವು ಕಾಯಬೇಡಿ. ಹಕ್ಕಿಗಾಗಿ ಕೇಳುವುದು ಹಿರಿಯರ ಕೆಲಸ, ತಯಾರಾಗುವುದು ನಿಮ್ಮ ಕೆಲಸ. ಹಿಂದಿ, ಇಂಗ್ಲಿಷ್ ಚೆನ್ನಾಗಿ ಕಲಿಯಿರಿ. ಅವು ನಮ್ಮ ವೈರಿಗಳಲ್ಲ. ಒಂದು ಸಲ ಸೀಟು ಸಿಗದಿದ್ದರೆ ಇನ್ನೊಂದು ಸಲ ಬರೆಯಿರಿ. ಅಷ್ಟು ಕಡಿಮೆ ಸೀಟುಗಳಿರುವ ಕಡೆ ಸಿಗದೆ ಹೋಗುವುದು ಅವಮಾನವಲ್ಲ. ಮೂರು ಭಾಷೆ ಆಡುವ ಓಣಿಯಲ್ಲಿ ಬೆಳೆದವರು ನೀವು. ಯಾರ ಮುಂದೆ ಯಾವ ಭಾಷೆ, ಯಾವ ಮಾತು ಯಾವಾಗ ಆಡಬಾರದು, ಕಚೇರಿಯಲ್ಲಿ ಅಪ್ಪನ ದನಿ ಏಕೆ ಸಣ್ಣದಾಗುತ್ತದೆ, ಇದನ್ನೆಲ್ಲ ಚಿಕ್ಕಂದಿನಿಂದ ಗಮನಿಸಿದವರು. ಸಿನಿಮಾ ಮಾಡುವವನಿಗೆ ಬೇಕಾದ ಮೊದಲ ವಿದ್ಯೆ ಅದೇ. ಅದನ್ನು ನಿಮ್ಮ ಊರು ನಿಮಗೆ ಆಗಲೇ ಕಲಿಸಿದೆ.

ಸಭೆಯ ಮುಂದೆ ಮೂರು ಸಣ್ಣ ಕೆಲಸಗಳನ್ನು ಇಟ್ಟು ನನ್ನ ಮಾತು ಮುಗಿಸುತ್ತೇನೆ. ಪ್ರತಿ ಶಾಲೆಯಲ್ಲಿ ಒಬ್ಬ ಶಿಕ್ಷಕರು ಇಂಥ ಪ್ರವೇಶಗಳ ಮಾಹಿತಿ ಇಟ್ಟುಕೊಳ್ಳುವ ಹೊಣೆ ಹೊರಲಿ. ಈ ವರ್ಷದ ಹತ್ತನೆಯ ಇಯತ್ತೆಯ ಮಕ್ಕಳು ವಿಷಯ ಆರಿಸುವ ಮುನ್ನ ಅವರ ಪಾಲಕರನ್ನು ಕರೆದು ಒಮ್ಮೆ ಮಾತಾಡಲಿ. ಮನವಿಯ ಕರಡನ್ನು ಇಂದು ಸಂಜೆಯೊಳಗೆ ಸಿದ್ಧಪಡಿಸಿ, ಮನೆಗೆ ಹೋಗುವ ಮೊದಲು ನಾವೆಲ್ಲರೂ ಸಹಿ ಹಾಕೋಣ.